ಖಾಲಿ ರಾಡಿನಿಂದ ಶುರು ಮಾಡಿ: ಬೆನ್ನು ಹಿಡಿಸಿಕೊಳ್ಳದೆ ಭಾರ ಎತ್ತುವ ದಾರಿ

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹೊರಗೆ ಹಮಾಲರು ಮೆಕ್ಕೆಜೋಳದ ಚೀಲ ಹೊತ್ತು ಲಾರಿ ತುಂಬುತ್ತಿರುತ್ತಾರೆ, ಒಳಗೆ ನಾನು ಫ್ಯಾನಿನ ಕೆಳಗೆ ಪೆನ್ನು ಎತ್ತುತ್ತಿರುತ್ತೇನೆ. ಮೂವತ್ತಾರನೇ ವಯಸ್ಸಿಗೆ ಎರಡನೇ ಮಹಡಿ ಹತ್ತಿದರೆ ಏದುಸಿರು ಬರತೊಡಗಿತು. ಜಿಮ್ ಸೇರಿದೆ. ಮೂರನೇ ವಾರ ಪಕ್ಕದಲ್ಲಿದ್ದ ಹುಡುಗ "ಅಣ್ಣಾ, ನೂರು ಎತ್ತಿ ನೋಡ್ರಿ, ನಿಮ್ಗೆ ಆಗುತ್ತೆ" ಅಂದ. ಎತ್ತಿದೆ. ರಾಡು ಮಂಡಿಯವರೆಗೆ ಬಂತು, ಅಲ್ಲೇ ಸೊಂಟದಲ್ಲಿ ಏನೋ ಚಳಕ್ ಅಂತು. ಆಮೇಲೆ ಇಪ್ಪತ್ತು ದಿನ ಸ್ಕೂಟರ್ ಹತ್ತೋಕಾಗಲಿಲ್ಲ, ಚಪ್ಪಲಿ ಹಾಕೋಕೂ ಮಗಳು ಬರಬೇಕಿತ್ತು.

ತಪ್ಪು ಆ ಹುಡುಗನದಲ್ಲ. ನೂರು ಕೆಜಿ ಕೂಡ ಅಂಥ ದೊಡ್ಡ ಭಾರವಲ್ಲ. ಹಿಂದಿನ ವಾರ ನಾನು ಎಷ್ಟು ಎತ್ತಿದ್ದೆ ಅನ್ನೋದೇ ನನಗೆ ಗೊತ್ತಿರಲಿಲ್ಲ, ಅದು ತಪ್ಪು. ಅಂಗಡಿಯಲ್ಲಿ ಒಂದು ಚೀಲ ಹೆಚ್ಚುಕಮ್ಮಿ ಆದರೆ ಹುಡುಕಾಡುವ ಮನುಷ್ಯ, ನನ್ನ ಮೈಯ ಲೆಕ್ಕ ಮಾತ್ರ ಬಾಯಿಲೆಕ್ಕದಲ್ಲಿ ಇಟ್ಟಿದ್ದೆ. ಹಾಗಾಗಿ ಈ ಬರಹದಲ್ಲಿ ಮೊದಲು ಬೇಕಾದ ಸಾಮಾನು ಹತ್ತು ರೂಪಾಯಿಯ ಒಂದು ನೋಟ್‌ಬುಕ್ಕು.

ಹೊರಡುವ ಮುಂಚೆ

ಬಿಪಿ, ಹೃದಯದ ತೊಂದರೆ, ಹರ್ನಿಯಾ, ಹಳೆಯ ಡಿಸ್ಕ್ ನೋವು ಇದ್ದವರು, ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಬಿಪಿ ಇದ್ದವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ಆ ಕ್ಷಣಕ್ಕೆ ರಕ್ತದೊತ್ತಡ ತುಂಬಾ ಮೇಲಕ್ಕೆ ಹೋಗುತ್ತದೆ. ನಿಮಗೆ ಕಡಿಮೆ ಭಾರ, ಎತ್ತುವಾಗ ಉಸಿರು ಬಿಡುವ ಕ್ರಮವೇ ಸರಿ.

ವಯಸ್ಸಿನ ಚಿಂತೆ ಬೇಡ. ನಲವತ್ತು ದಾಟಿದ ಮೇಲೆ ಸುಮ್ನೆ ಕೂತರೆ ಸ್ನಾಯು ವರ್ಷ ವರ್ಷ ಕರಗುತ್ತಲೇ ಹೋಗುತ್ತದೆ, ಅದನ್ನು ತಡೆಯೋಕೆ ಭಾರದ ವ್ಯಾಯಾಮದಷ್ಟು ಒಳ್ಳೆಯದು ಇನ್ನೊಂದಿಲ್ಲ. ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆಲ್ಲ ಹೇಳುತ್ತದೆ, ಅರವತ್ತೈದು ದಾಟಿದವರಿಗೂ. ಹೆಣ್ಣುಮಕ್ಕಳು "ಪೈಲ್ವಾನರ ಥರ ಆಗಿಬಿಡ್ತೀವಿ" ಅಂತ ಹೆದರುವುದು ನೋಡಿದರೆ ನಗು ಬರುತ್ತದೆ. ಹಾಗೆ ಆಗಬೇಕು ಅಂತ ವರ್ಷಗಟ್ಟಲೆ ಬೆವರು ಸುರಿಸುವ ಗಂಡಸರಿಗೇ ಆಗುತ್ತಿಲ್ಲ! ಮಿರಾಬಾಯಿ ಚಾನು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ 49 ಕೆಜಿ ವಿಭಾಗದಲ್ಲಿದ್ದರು, ಒಂದೇ ಎತ್ತಿಗೆ 115 ಕೆಜಿ ತಲೆ ಮೇಲೆ ಎತ್ತಿದ್ದರು. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಬೆಳ್ಳಿ ತಂದರು, ಎರಡು ಎತ್ತು ಸೇರಿ 249 ಕೆಜಿ. ಮೈ ದಪ್ಪ ಇದ್ದರೇ ಶಕ್ತಿ ಅಂತೇನೂ ಇಲ್ಲ.

ಜಿಮ್‌ನಲ್ಲಿ ಏನು ನೋಡಬೇಕು

ಎಸಿ, ಕನ್ನಡಿ, ಬಣ್ಣದ ಲೈಟು ಬಿಡಿ. ರಾಡು ಇಡೋಕೆ ಒಂದು ಗಟ್ಟಿ ಸ್ಕ್ವಾಟ್ ರ‍್ಯಾಕ್, ಅದಕ್ಕೆ ಅಡ್ಡಲಾಗಿ ಸೇಫ್ಟಿ ಪಿನ್ (ರಾಡು ಕೈಬಿಟ್ಟರೆ ತಡೆಯುವ ಕಬ್ಬಿಣದ ಸರಳು), ತುದಿಗಳಿಗೆ ಭಾರದ ಪ್ಲೇಟು ಹಾಕುವ ಒಂದು ಸರಿಯಾದ ರಾಡು, ಇಷ್ಟಿದ್ದರೆ ಸಾಕು. ರಾಡಿನ ತೂಕ ಕೇಳಿ ತಿಳಿದುಕೊಳ್ಳಿ. ಒಲಿಂಪಿಕ್ ರಾಡು 20 ಕೆಜಿ, ಹೆಂಗಸರದು 15. ಆದರೆ ನಮ್ಮ ಕಡೆಯ ಸಣ್ಣ ಜಿಮ್‌ಗಳಲ್ಲಿ ಏಳು, ಹತ್ತು ಕೆಜಿಯ ತೆಳು ರಾಡುಗಳೂ ಇರುತ್ತವೆ. ತಿಳಿಯದೆ ಅದನ್ನು 20 ಅಂತ ಬರೆದುಕೊಂಡು, ಬೇರೆ ಜಿಮ್‌ಗೆ ಹೋದ ದಿನ ಅದೇ ಪ್ಲೇಟು ಹಾಕಿ ಕೆಳಗೆ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ. 1.25 ಕೆಜಿಯ ಸಣ್ಣ ಪ್ಲೇಟು ಎಷ್ಟೋ ಕಡೆ ಇರುವುದೇ ಇಲ್ಲ, ಇದ್ದರೂ ಯಾರೂ ಮುಟ್ಟುವುದಿಲ್ಲ. ಒಂದು ಜೊತೆ ಸ್ವಂತಕ್ಕೆ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೆತ್ತಗಿನ ಓಟದ ಶೂ ಭಾರ ಎತ್ತೋಕೆ ಬೇಡ, ಹಾಸಿಗೆ ಮೇಲೆ ನಿಂತು ಚೀಲ ಎತ್ತಿದ ಹಾಗೆ ಅದು. ಚಪ್ಪಟೆ ತಳದ ಕ್ಯಾನ್ವಾಸ್ ಶೂ ಸಾಕು. ಬೆಲ್ಟು, ಗ್ಲೌಸು ಮೊದಲ ಆರು ತಿಂಗಳು ಬೇಕಾಗುವುದೇ ಇಲ್ಲ.

ಬೇಸಿಗೆಯಲ್ಲಿ ನಮ್ಮೂರಿನ ತಗಡು ಶೀಟಿನ ಜಿಮ್ ಮಧ್ಯಾಹ್ನ ಮಂಡಕ್ಕಿ ಭಟ್ಟಿ ಇದ್ದ ಹಾಗೆ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆಯೇ ಮುಗಿಸಿ, ಉಪ್ಪು ಹಾಕಿದ ಮಜ್ಜಿಗೆ ಒಂದು ಬಾಟಲಿ ಜೊತೆಗಿರಲಿ.

ಮೊದಲ ಎರಡು ವಾರ: ಭಾರವೇ ಬೇಡ

ನಮ್ಮ ಗರಡಿಗಳಲ್ಲಿ ಹೊಸ ಹುಡುಗನ ಕೈಗೆ ಮೊದಲ ದಿನವೇ ಗದೆ ಕೊಡುತ್ತಿರಲಿಲ್ಲ. ದಂಡ, ಬಸ್ಕಿ, ಮತ್ತೆ ದಂಡ, ಬಸ್ಕಿ. ದುರ್ಗಾಂಬಿಕಾ ಜಾತ್ರೆಯ ಕುಸ್ತಿ ನೋಡಿದವರಿಗೆ ಆ ಕಾಲುಗಳ ಗಟ್ಟಿತನ ಗೊತ್ತು. ಅದೇ ಕ್ರಮ ನಮಗೂ ಸರಿ.

ಎರಡು ಚಲನೆ ಕಲಿಯಬೇಕು: ಕೂತೇಳುವುದು ಮತ್ತು ಬಾಗಿ ಏಳುವುದು. ಕೂತೇಳುವುದರಲ್ಲಿ ನಾವು ಪುಣ್ಯವಂತರು, ಕುಕ್ಕರುಗಾಲಲ್ಲಿ ಕೂತು ಬೆಳೆದವರು. ಏಳೆಂಟು ಕೆಜಿಯ ಒಂದು ಡಂಬಲ್ ಎದೆಗೆ ಆನಿಸಿ ಹಿಡಿದು ನಿಧಾನ ಕೂರಿ. ಪಾದ ಭುಜದಷ್ಟು ಅಗಲ, ಬೆರಳು ಸ್ವಲ್ಪ ಹೊರಮುಖ, ಹಿಮ್ಮಡಿ ನೆಲ ಬಿಡಬಾರದು, ಮಂಡಿಗಳು ಪಾದದ ಬೆರಳುಗಳ ದಿಕ್ಕಿಗೇ ಹೋಗಬೇಕು, ಒಳಗೆ ಮುದುಡಬಾರದು. ಮಂಡಿ ಬೆರಳು ದಾಟಿ ಮುಂದೆ ಹೋದರೆ ಹಾಳಾಗುತ್ತದೆ ಅಂತ ಹೆದರಿಸುತ್ತಾರೆ. ಉದ್ದ ತೊಡೆ ಇರುವವರಿಗೆ ಅದು ಹೋಗಲೇಬೇಕು, ಹಿಮ್ಮಡಿ ನೆಲದಲ್ಲಿದ್ದರೆ ತೊಂದರೆ ಇಲ್ಲ.

ಬಾಗುವುದು ಕಷ್ಟ. ನಾನು ಬಿದ್ದಿದ್ದು ಇಲ್ಲೇ. ನಾವೆಲ್ಲ ಬಿಂದಿಗೆ ಎತ್ತುವಾಗ, ನೆಲ ಒರೆಸುವಾಗ ಬೆನ್ನನ್ನೇ ಬಿಲ್ಲು ಮಾಡುತ್ತೇವೆ. ಕಲಿಯಬೇಕಾದದ್ದು ಸೊಂಟದ ಕೀಲಿನಿಂದ ಬಾಗುವುದನ್ನು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ದೂರ ನಿಲ್ಲಿ. ಮಂಡಿ ಸ್ವಲ್ಪ ಸಡಿಲ ಬಿಟ್ಟು, ಹಿಂಭಾಗವನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸಿ. ಮುಟ್ಟಿತಾ? ಪಾದ ಇನ್ನೆರಡು ಬೆರಳು ಮುಂದಿಟ್ಟು ಮತ್ತೆ ಮಾಡಿ. ಆಮೇಲೆ ಒಂದು ಪೊರಕೆ ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿದು ಬಾಗಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲಮೂಳೆ, ಈ ಮೂರೂ ಕಡೆ ಕೋಲು ತಾಗಿಕೊಂಡೇ ಇರಬೇಕು. ಒಂದು ಕಡೆ ಬಿಟ್ಟರೂ ಬೆನ್ನು ಬಾಗಿದೆ ಅಂತ ಅರ್ಥ. ದಿನಾ ಹಲ್ಲುಜ್ಜಿದ ಮೇಲೆ ಹತ್ತು ಸಲ ಮಾಡಿ. ನನಗೆ ಬರೋಕೆ ಒಂದೂವರೆ ವಾರ ಬೇಕಾಯಿತು, ಹೆಂಡತಿ ನೋಡಿ ನಕ್ಕಿದ್ದಕ್ಕೆ ಲೆಕ್ಕವಿಲ್ಲ.

ಉಸಿರು

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಭಾರ ಎತ್ತುವ ಮುಂಚೆ ಹೊಟ್ಟೆ ತುಂಬ ಉಸಿರು ತೆಗೆದುಕೊಳ್ಳಿ, ಎದೆ ಉಬ್ಬಿಸುವುದಲ್ಲ, ಸೊಂಟದ ಸುತ್ತ ಪಂಚೆ ಬಿಗಿಯಾಗುವ ಹಾಗೆ. ಈಗ ಯಾರೋ ಹೊಟ್ಟೆಗೆ ಗುದ್ದುತ್ತಾರೆ ಅಂದುಕೊಂಡು ಬಿಗಿ ಮಾಡಿ. ಈ ಬಿಗಿ ಬೆನ್ನುಮೂಳೆಗೆ ಸುತ್ತಲಿಂದ ಆಧಾರ ಕೊಡುತ್ತದೆ, ತುಂಬಿದ ಚೀಲ ನೆಟ್ಟಗೆ ನಿಂತ ಹಾಗೆ. ಅರೆಬರೆ ತುಂಬಿದ ಚೀಲ ಮಡಚಿಕೊಳ್ಳುತ್ತದೆ ಅಲ್ವಾ? ಕಷ್ಟದ ಭಾಗ ದಾಟಿದ ಮೇಲೆ ಉಸಿರು ಬಿಡಿ, ನಿಂತು ಮತ್ತೆ ತೆಗೆದುಕೊಳ್ಳಿ. ತಲೆ ಸುತ್ತಿದರೆ ರಾಡು ಇಟ್ಟು ಕೂರಿ.

ಮೂರನೇ ವಾರದಿಂದ ವಾರಕ್ಕೆ ಮೂರು ದಿನ

ಸೋಮವಾರ, ಬುಧವಾರ, ಶುಕ್ರವಾರ. ನಡುವಿನ ದಿನ ಕುಂದವಾಡ ಕೆರೆ ಏರಿ ಮೇಲೆ ನಡೆಯಿರಿ, ಚಿತ್ರದುರ್ಗದವರಾದರೆ ಕೋಟೆ ಹತ್ತಿ. ಭಾರ ಮಾತ್ರ ಬೇಡ. ಶಕ್ತಿ ಬರುವುದು ಎತ್ತುವಾಗಲ್ಲ, ಎತ್ತಿದ ಮೇಲೆ ತಿಂದು ಮಲಗಿದಾಗ.

ಎರಡು ಪಟ್ಟಿ ಮಾಡಿಕೊಂಡು ಅದಲುಬದಲಾಗಿ ಮಾಡುತ್ತೇನೆ. ಒಂದು ದಿನ ರಾಡು ಹೊತ್ತು ಕೂತೇಳುವ ಸ್ಕ್ವಾಟ್, ಬೆಂಚಿನ ಮೇಲೆ ಮಲಗಿ ರಾಡನ್ನು ಎದೆಯಿಂದ ಮೇಲೆ ತಳ್ಳುವ ಬೆಂಚ್ ಪ್ರೆಸ್, ಬಾಗಿ ರಾಡನ್ನು ಹೊಟ್ಟೆಗೆ ಎಳೆಯುವ ರೋ. ಇನ್ನೊಂದು ದಿನ ಸ್ಕ್ವಾಟ್, ನಿಂತು ತಲೆ ಮೇಲೆ ಎತ್ತುವ ಓವರ್‌ಹೆಡ್ ಪ್ರೆಸ್, ನೆಲದಿಂದ ರಾಡು ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್. ಇಷ್ಟೇ. ಬೈಸೆಪ್ಸ್‌ಗೆ ಬೇರೆ ಹದಿನಾರು ಥರ ಬೇಕಿಲ್ಲ, ಆಸೆ ಇದ್ದರೆ ಕೊನೆಗೆ ಹತ್ತು ನಿಮಿಷ ಮಾಡಿಕೊಳ್ಳಿ, ಯಾರು ಬೇಡ ಅಂದರು. ಮೊದಲ ತಿಂಗಳು ಪ್ರತಿಯೊಂದಕ್ಕೂ 8 ಸಲದ 2 ಸೆಟ್, ಅಂದರೆ ಬಿಡದೆ 8 ಸಲ ಎತ್ತಿ, ಸ್ವಲ್ಪ ಕೂತು, ಮತ್ತೆ 8 ಸಲ. ಆಮೇಲೆ 5 ಸಲದ 3 ಸೆಟ್. ಡೆಡ್‌ಲಿಫ್ಟ್ ಮಾತ್ರ 5 ಸಲದ ಒಂದೇ ಸೆಟ್, ಅದು ಮೈಯನ್ನು ಬಹಳ ದಣಿಸುತ್ತದೆ. ಸೆಟ್‌ಗಳ ನಡುವೆ ಎರಡು ಮೂರು ನಿಮಿಷ ಕೂರಿ. "ರೆಸ್ಟ್ ತಗೊಂಡ್ರೆ ಬಾಡಿ ತಣ್ಣಗಾಗುತ್ತೆ" ಅಂತ ಅವಸರ ಮಾಡುವವರ ಮಾತು ಕೇಳಬೇಡಿ. ಇಲ್ಲಿ ಬೆವರು ಮುಖ್ಯವಲ್ಲ, ಮುಂದಿನ ಸೆಟ್ ಮೊದಲಿನಷ್ಟೇ ಚೊಕ್ಕ ಬರುವುದು ಮುಖ್ಯ.

ಎಲ್ಲರೂ ಖಾಲಿ ರಾಡಿನಿಂದ ಶುರು. 20 ಕೆಜಿ ತಲೆ ಮೇಲೆ ಹೋಗುತ್ತಿಲ್ಲ ಅಂದರೆ ಹತ್ತರ ರಾಡು, ಅದೂ ಆಗದಿದ್ದರೆ ಡಂಬಲ್. ಡೆಡ್‌ಲಿಫ್ಟ್‌ಗೆ ಖಾಲಿ ರಾಡು ನೆಲದಲ್ಲಿ ತೀರಾ ಕೆಳಗಿರುತ್ತದೆ. ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂಟಿಮೀಟರ್, ಹಾಗಾಗಿ ರಾಡು ನೆಲದಿಂದ ಸುಮಾರು 22 ಸೆಂ.ಮೀ. ಎತ್ತರಕ್ಕೆ ಬರಬೇಕು. ಸಣ್ಣ ಪ್ಲೇಟು ಹಾಕಿದಾಗ ಕೆಳಗೆ ಎರಡು ಕಡೆ ಮರದ ಹಲಗೆ ಇಟ್ಟು ಅಷ್ಟು ಎತ್ತರ ಮಾಡಿಕೊಳ್ಳಿ.

ಡೆಡ್‌ಲಿಫ್ಟ್ ಎತ್ತುವ ಕ್ರಮವನ್ನು ನನಗೆ ಸರಿಯಾಗಿ ಹೇಳಿಕೊಟ್ಟವರು ಜಿಮ್ ಕೋಚ್ ಅಲ್ಲ, ನಮ್ಮ ಯಾರ್ಡಿನ ಒಬ್ಬ ಹಿರಿಯ ಹಮಾಲರು. "ಸ್ವಾಮಿ, ಚೀಲನ ಮೈಗೆ ಹಚ್ಕೊಂಡು ಎತ್ಬೇಕು. ದೂರ ಹಿಡಿದ್ರೆ ಅದು ನಿಮ್ಮನ್ನ ಎತ್ತುತ್ತೆ" ಅಂದರು. ಭೌತಶಾಸ್ತ್ರದ ಮೇಷ್ಟ್ರು ಬೋರ್ಡ್ ತುಂಬ ಬರೆದು ಹೇಳಿದ್ದೂ ಇದನ್ನೇ: ಭಾರ ಸೊಂಟದಿಂದ ದೂರ ಹೋದಷ್ಟೂ ಬೆನ್ನಿನ ಮೇಲಿನ ಎಳೆತ ಜಾಸ್ತಿ. ಆದ್ದರಿಂದ ರಾಡು ಪಾದದ ನಡುಭಾಗದ ಮೇಲೆ ಬರುವ ಹಾಗೆ ನಿಲ್ಲಿ, ಕಣಕಾಲಿಗೂ ರಾಡಿಗೂ ಎರಡು ಬೆರಳು ಅಂತರ. ಬಾಗಿ ಹಿಡಿಯಿರಿ. ಕಣಕಾಲು ರಾಡಿಗೆ ತಾಗುವಷ್ಟು ಮಂಡಿ ಮಡಚಿ. ಎದೆ ಎತ್ತಿ, ಕಂಕುಳಲ್ಲಿ ಪೇಪರ್ ಇಟ್ಟು ಅದುಮಿದ ಹಾಗೆ ತೋಳು ಬಿಗಿ ಮಾಡಿ. ಉಸಿರು, ಬಿಗಿ. ಈಗ ರಾಡನ್ನು ಎಳೆಯಬೇಡಿ, ನೆಲವನ್ನು ಕಾಲಿಂದ ಕೆಳಗೆ ಒತ್ತಿ. ರಾಡು ಕಾಲಿಗೆ ಸವರಿಕೊಂಡೇ ಮೇಲೆ ಬರಬೇಕು. ಮೇಲೆ ನೆಟ್ಟಗೆ ನಿಂತರೆ ಸಾಕು, ಹಿಂದಕ್ಕೆ ಬಾಗುವ ನಾಟಕ ಬೇಡ. ಇಳಿಸುವಾಗಲೂ ಅದೇ ದಾರಿ, ಮೊದಲು ಹಿಂಭಾಗ ಹಿಂದಕ್ಕೆ, ರಾಡು ಮಂಡಿ ದಾಟಿದ ಮೇಲೆ ಮಂಡಿ ಮಡಚುವುದು.

ಹಾಗಾದರೆ ದಿನಾ ಚೀಲ ಹೊರುವ ಹಮಾಲರ ಬೆನ್ನು ಯಾಕೆ ನೋಯುತ್ತದೆ ಅಂತ ಕೇಳಬಹುದು. 50 ಕೆಜಿಯ ಚೀಲ, ದಿನಕ್ಕೆ ನೂರಾರು ಸಲ, ದಣಿದ ಮೇಲೂ ನಿಲ್ಲಿಸುವ ಹಾಗಿಲ್ಲ, ಮರುದಿನ ರಜೆ ಇಲ್ಲ. ದುಡಿಮೆ ಬೇರೆ, ಸಾಮು ಬೇರೆ. ನಮಗೆ ನಿಲ್ಲಿಸುವ ಸೌಲಭ್ಯ ಇದೆ, ಅದನ್ನು ಬಳಸದಿದ್ದರೆ ದಡ್ಡತನ.

ಸ್ಕ್ವಾಟ್‌ಗೆ ರಾಡು ಕುತ್ತಿಗೆಯ ಮೂಳೆಯ ಮೇಲಲ್ಲ, ಅದರ ಕೆಳಗಿನ ಮಾಂಸದ ದಿಂಡಿನ ಮೇಲೆ. ರ‍್ಯಾಕ್‌ನ ಸೇಫ್ಟಿ ಪಿನ್ನನ್ನು ನೀವು ಪೂರ್ತಿ ಕೂತಾಗ ರಾಡು ಇರುವ ಎತ್ತರಕ್ಕಿಂತ ಎರಡು ಬೆರಳು ಕೆಳಗೆ ಇಡಿ, ಏಳೋಕಾಗದಿದ್ದರೆ ಕೂತು ಪಿನ್ ಮೇಲೆ ರಾಡು ಬಿಟ್ಟು ಹೊರಗೆ ಬರಬಹುದು. ಖಾಲಿ ರಾಡು ಇರುವಾಗಲೇ ಬೇಕಂತಲೇ ಒಂದೆರಡು ಸಲ ಹೀಗೆ ಬಿಟ್ಟು ಅಭ್ಯಾಸ ಮಾಡಿ. ಎಲ್ಲರೂ ಎತ್ತುವುದನ್ನು ಕಲಿಯುತ್ತಾರೆ, ಬಿಡುವುದನ್ನು ಯಾರೂ ಕಲಿಯುವುದಿಲ್ಲ.

ಬೆಂಚ್ ಪ್ರೆಸ್ ನೋಡೋಕೆ ಸುಲಭ, ಅಪಾಯದಲ್ಲಿ ಮೊದಲನೇದು. ರಾಡು ಇರುವುದು ನಿಮ್ಮ ಎದೆ, ಕುತ್ತಿಗೆಯ ಮೇಲೆ. ಹೆಬ್ಬೆರಳು ರಾಡಿನ ಸುತ್ತ ಬರಲೇಬೇಕು, ಐದೂ ಬೆರಳು ಒಂದೇ ಕಡೆ ಇಟ್ಟು ಹಿಡಿಯುವ ಶೋಕಿ ಬೇಡ, ಜಾರಿದರೆ ನೇರ ಎದೆಗೆ. ಯಾರಾದರೂ ತಲೆ ಹತ್ತಿರ ನಿಂತಿರಲಿ, ಎಷ್ಟು ಸಲ ಎತ್ತುತ್ತೀರಿ ಅಂತ ಅವರಿಗೆ ಮೊದಲೇ ಹೇಳಿ. ಒಬ್ಬರೇ ಇದ್ದು, ಪಿನ್ನೂ ಇಲ್ಲದಿದ್ದರೆ ರಾಡಿನ ತುದಿಗೆ ಕ್ಲಿಪ್ ಹಾಕಬೇಡಿ. ಸಿಕ್ಕಿಕೊಂಡಾಗ ಒಂದು ಕಡೆ ವಾಲಿಸಿದರೆ ಪ್ಲೇಟು ಜಾರಿ ಬಿದ್ದು ನೀವು ಬಚಾವ್. ಸದ್ದಾಗುತ್ತದೆ, ಓನರ್ ಬೈಯುತ್ತಾನೆ, ಬೈಯಲಿ. ಪ್ಲೇಟು ತೆಗೆಯುವಾಗಲೂ ಒಂದೊಂದೇ, ಎರಡೂ ಕಡೆಯಿಂದ ಸಮನಾಗಿ ತೆಗೆಯಿರಿ. ಒಂದೇ ಕಡೆ ಖಾಲಿ ಮಾಡಿದರೆ ರಾಡು ತಕ್ಕಡಿಯ ಹಾಗೆ ಎಗರಿ ಪಕ್ಕದವರ ಮುಖಕ್ಕೆ ಬಡಿಯುತ್ತದೆ.

ಪ್ರತಿ ಸಲವೂ ಮೈ ಬಿಸಿ ಮಾಡಿಕೊಳ್ಳಿ. ಉದಾಹರಣೆಗೆ ಇವತ್ತಿನ ಸ್ಕ್ವಾಟ್ 60 ಕೆಜಿ ಇದ್ದರೆ: ಖಾಲಿ ರಾಡು 5 ಸಲ ಎರಡು ಸೆಟ್, 30 ಕೆಜಿ 5 ಸಲ, 40 ಕೆಜಿ 3 ಸಲ, 50 ಕೆಜಿ 2 ಸಲ, ಆಮೇಲೆ 60.

ಎಷ್ಟು ಏರಿಸಬೇಕು

ಈಗ ನೋಟ್‌ಬುಕ್ಕು ತೆಗೆಯಿರಿ. ತಾರೀಕು, ಯಾವ ಎತ್ತು, ಎಷ್ಟು ಕೆಜಿ, ಎಷ್ಟು ಸಲ, ಪಕ್ಕದಲ್ಲಿ ಒಂದು ಮಾತು: "ಹಗುರ", "ಸರಿ", "ಕೊನೆಯದು ವಕ್ರ". ಎಲ್ಲ ಸೆಟ್‌ಗೂ "ಸರಿ" ಬಂದರೆ ಮುಂದಿನ ವಾರ 2.5 ಕೆಜಿ ಜಾಸ್ತಿ, ಅಂದರೆ ಒಂದೊಂದು ಕಡೆಗೆ 1.25ರ ಆ ಪುಟ್ಟ ಪ್ಲೇಟು. "ವಕ್ರ" ಬಂದರೆ ಅದೇ ಭಾರ ಮತ್ತೆ.

ಎರಡೂವರೆ ಕೆಜಿ ಅಂದರೆ ನಗುತ್ತಾರೆ. ಲೆಕ್ಕ ಹಾಕಿ. ವಾರಕ್ಕೆ 2.5, 26 ವಾರಕ್ಕೆ 65, ರಾಡಿನ 20 ಸೇರಿಸಿ 85. ಆರು ತಿಂಗಳಿಗೆ 85 ಕೆಜಿ ಹೊತ್ತು ಕೂತೇಳುವ ಮನುಷ್ಯ! ನಡುವೆ ಜ್ವರ, ಮದುವೆ, ಮೆಕ್ಕೆಜೋಳದ ಸೀಸನ್ ಎಲ್ಲ ಬಂದು ಅರವತ್ತಕ್ಕೇ ನಿಂತರೂ ನಷ್ಟವೇನು?

ನಿಧಾನಕ್ಕೆ ಇನ್ನೊಂದು ಕಾರಣ ಇದೆ. ಮೊದಲ ಕೆಲವು ವಾರ ಶಕ್ತಿ ಸರಸರ ಏರುತ್ತದೆ, ಅದು ಸ್ನಾಯು ಬೆಳೆದದ್ದಲ್ಲ, ಇರುವ ಸ್ನಾಯುವನ್ನು ಒಟ್ಟಿಗೆ ಬಳಸುವುದನ್ನು ನರಗಳು ಕಲಿತದ್ದು. ಸ್ನಾಯು ಆಮೇಲೆ ಬೆಳೆಯುತ್ತದೆ. ಎಲುಬಿಗೆ ಸ್ನಾಯು ಕಟ್ಟಿರುವ ಸ್ನಾಯುರಜ್ಜು ಎಲ್ಲಕ್ಕಿಂತ ನಿಧಾನ. "ಆಗುತ್ತೆ ಕಣ್ರಿ" ಅಂತ ಅನ್ನಿಸುವ ಹೊತ್ತಿಗೆ ರಜ್ಜು ಇನ್ನೂ ತಯಾರಾಗಿರುವುದಿಲ್ಲ. ಮೂರನೇ ವಾರದಲ್ಲಿ ನನಗೆ ಆಗುತ್ತೆ ಅನ್ನಿಸಿದ್ದು ಸುಳ್ಳಲ್ಲ, ಅರ್ಧ ಸತ್ಯ.

ಒಂದೇ ಭಾರದಲ್ಲಿ ಮೂರು ದಿನ ಸೋತರೆ ನೂರಕ್ಕೆ ಹತ್ತರಷ್ಟು ಇಳಿಸಿ ಮತ್ತೆ ಏರಿ. 70ರಲ್ಲಿ ಸಿಕ್ಕಿಕೊಂಡರೆ ಸುಮಾರು 62.5ಕ್ಕೆ ಬನ್ನಿ. ಎರಡು ವಾರ ಜಿಮ್ ತಪ್ಪಿದ್ದರೂ ಅಷ್ಟೇ, ಬಿಟ್ಟಲ್ಲಿಂದ ಶುರು ಮಾಡಬೇಡಿ.

ಊಟ

ಬೆಣ್ಣೆ ದೋಸೆ ಬಿಡಿ ಅಂತ ಹೇಳಿದರೆ ಈ ಊರಲ್ಲಿ ನನ್ನನ್ನು ಇಟ್ಟುಕೊಳ್ಳುವುದಿಲ್ಲ. ಭಾನುವಾರ ತಿನ್ನಿ. ಆದರೆ ಮಂಡಕ್ಕಿ ಮಿರ್ಚಿಯಿಂದ ಸ್ನಾಯು ಬೆಳೆಯುವುದಿಲ್ಲ. ಭಾರ ಎತ್ತುವವರಿಗೆ ಮೈತೂಕದ ಒಂದೊಂದು ಕೆಜಿಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಸಾಕು. 65 ಕೆಜಿ ತೂಗುವ ನನಗೆ ಕಡಿಮೆ ಅಂದರೂ 78 ಗ್ರಾಂ. ಮೊಟ್ಟೆ ತಿನ್ನದ ಮನೆಯಲ್ಲೂ ಇದು ಆಗುತ್ತದೆ: ಮೊಳಕೆ ಕಟ್ಟಿದ 50 ಗ್ರಾಂ ಹೆಸರುಕಾಳಿನಲ್ಲಿ 12, ಅರ್ಧ ಲೀಟರ್ ಹಾಲಿನಲ್ಲಿ 16, 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26, 50 ಗ್ರಾಂ ತೊಗರಿಬೇಳೆಯಲ್ಲಿ 11, ಒಂದು ಹಿಡಿ ಶೇಂಗಾದಲ್ಲಿ 7, ಎರಡು ಜೋಳದ ರೊಟ್ಟಿಯಲ್ಲಿ ಏಳೆಂಟು. ಕೂಡಿಸಿ ನೋಡಿ, 80ರ ಹತ್ತಿರ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರ್ ಹೇಳದೆ ಪ್ರೋಟೀನ್ ಏರಿಸಬೇಡಿ.

ಡಬ್ಬದ ಪುಡಿ ಇಲ್ಲದೆ ಆಗಲ್ಲ ಅನ್ನುವವರ ಹತ್ತಿರ ಅದೇ ಡಬ್ಬ ಮಾರಾಟಕ್ಕೂ ಇರುತ್ತದೆ, ಗಮನಿಸಿದ್ದೀರಾ? ಸ್ಟೆರಾಯ್ಡ್ ಇಂಜೆಕ್ಷನ್ ವಿಷಯ ತೆಗೆದರಂತೂ ಆ ಜಿಮ್‌ನಿಂದ ಚಪ್ಪಲಿ ಹಾಕಿಕೊಂಡು ಹೊರಗೆ ಬನ್ನಿ.

ಯಾವ ನೋವಿಗೆ ಹೆದರಬೇಕು

ಎರಡನೇ ದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯೋಕೆ ಆಗದಿರುವುದು ಸಹಜ, ಮೂರು ನಾಲ್ಕು ದಿನದಲ್ಲಿ ಹೋಗುತ್ತದೆ. ಕೀಲಿನಲ್ಲಿ ಚುಚ್ಚುವ ನೋವು, ಎತ್ತುವಾಗ ತಟ್ಟನೆ ಬಂದ ನೋವು, ಅಲ್ಲಿಗೇ ನಿಲ್ಲಿಸಿ. ಸೊಂಟದಿಂದ ಕಾಲಿಗೆ ಇಳಿಯುವ ಜೋಮು, ಕಾಲಿನ ಬಲ ಕುಂದುವುದು ಕಂಡರೆ ಡಾಕ್ಟರ್ ಹತ್ತಿರ ಹೋಗಿ, ಎಣ್ಣೆ ತಿಕ್ಕಿಸುವವರ ಹತ್ತಿರ ಅಲ್ಲ. ಅದರ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ. ಎದೆ ಬಿಗಿತಕ್ಕೂ ಅದೇ ಮಾತು.

ಹೊಸಬರಿಗೆ ಇನ್ನೊಂದು. ಮೊದಲ ದಿನವೇ ಇನ್ನೂರು ಬಸ್ಕಿ ಹೊಡೆಸಿ "ಹೆಂಗೆ?" ಅನ್ನುವ ಕೋಚ್‌ಗಳಿದ್ದಾರೆ. ಅತಿಯಾಗಿ ದಣಿದ ಸ್ನಾಯು ಒಡೆದು ರಕ್ತಕ್ಕೆ ಸೇರಿದರೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ. ಕಿಡ್ನಿಗೆ ಹೊಡೆತ ಬೀಳುತ್ತದೆ. ನೀರು ಕುಡಿದರೆ ಹೋಗುತ್ತೆ ಅಂತ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ ತೋರಿಸಿ.

ಬೆನ್ನು ಹಿಡಿದು ಮಲಗಿದ್ದ ನನಗೆ ಡಾಕ್ಟರ್ ಹೇಳಿದ್ದು "ಪೂರ್ತಿ ಮಲಗಬೇಡಿ, ಆದಷ್ಟು ನಡೆದಾಡಿ" ಅಂತ. ಒಂದೂವರೆ ತಿಂಗಳಿಗೆ ಮತ್ತೆ ಜಿಮ್‌ಗೆ ಹೋದೆ. ಗೋಡೆ ಮುಟ್ಟುವುದರಿಂದ ಶುರು. ಪುಸ್ತಕದ ಮೊದಲ ಸಾಲು "ಡೆಡ್‌ಲಿಫ್ಟ್, 30 ಕೆಜಿ, 5 ಸಲ, ಹಗುರ". ಅದೇ ಹುಡುಗ ಪಕ್ಕದಲ್ಲಿದ್ದ, "ಅಣ್ಣಾ ಮೂವತ್ತಾ?" ಅಂದ. ಹೌದಪ್ಪ ಅಂದೆ. ಈಗ ಅದು ಮೂರನೇ ನೋಟ್‌ಬುಕ್ಕು, ಹೋದ ಶುಕ್ರವಾರದ ಸಾಲಿನಲ್ಲಿ "102.5, 5 ಸಲ, ಕೊನೆಯದು ವಕ್ರ" ಅಂತಿದೆ. ಹಾಗಾಗಿ ಈ ಸಲವೂ 102.5.